ಒಂದು ಗೆಲ್ಲು ಕೊಡಿ, ಆಟಿ ಮುಗಿಯುವುದರೊಳಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಂಗಳಗಳಲ್ಲಿ ಈಗ ಕಡ್ಡಿ ಊರುವ ಹೊತ್ತು. ದಾಸವಾಳ, ಅಬ್ಬಲಿಗೆ, ಮಲ್ಲಿಗೆ, ಬಸಳೆ, ಕಾಳುಮೆಣಸು ತಲೆಮಾರು ದಾಟಿ ಬಂದದ್ದು ಹೀಗೆ, ಕೈಯಿಂದ ಕೈಗೆ. ಹೆದ್ದಾರಿ ಅಗಲವಾಗುತ್ತಿದೆ, ಹಳೆಯ ಹೆಂಚಿನ ಮನೆಗಳು ಬೀಳುತ್ತಿವೆ. ಕೊಡುವ ಕೈ, ಬೇಡುವ ಕೈ ಎರಡೂ ಚುರುಕಾಗಬೇಕಾದ ಮಳೆಗಾಲ ಇದು.

ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೊರಟ ಬಸ್ಸು. ಹೊರಗೆ ಜಡಿಮಳೆ. ಒಳಗೆ ಒದ್ದೆ ಕೊಡೆಗಳ ವಾಸನೆ. ನಡುವಿನ ಸೀಟಿನಲ್ಲಿ ಕೂತ ಹೆಂಗಸೊಬ್ಬರ ಮಡಿಲಲ್ಲಿ ಜವಳಿ ಅಂಗಡಿಯ ತೊಟ್ಟೆ. ಅದರ ಬಾಯಿಂದ ಎಲೆ ಸವರಿದ ಏಳೆಂಟು ಕಡ್ಡಿಗಳು ಹೊರಗೆ ಇಣುಕುತ್ತಿವೆ. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಬಾಳೆನಾರಿನಲ್ಲಿ ಬಿಗಿದಿದ್ದಾರೆ.

ಪಕ್ಕದಲ್ಲಿ ಕೂತವರಿಗೆ ಕಣ್ಣು ಅದರ ಮೇಲೆಯೇ. ಎರಡು ಸ್ಟಾಪು ಸುಮ್ಮನಿದ್ದು ಕೊನೆಗೆ ಕೇಳಿಯೇ ಬಿಟ್ಟರು.

“ಅದು ಎಂಥದರ ಗೆಲ್ಲು ಅಕ್ಕ?”

“ದಾಸವಾಳ. ಬಿಳಿ ಮುದ್ದೆ. ಅಮ್ಮನ ಮನೆಯಿಂದ ತಂದದ್ದು. ಬೇಕಾದ್ರೆ ಎರಡು ತಕೊಳ್ಳಿ.”

“ನಿಮಗೆ ಕಡಿಮೆ ಆಗುದಿಲ್ವಾ?”

“ನನ್ನಲ್ಲಿ ಹೋದ್ರೆ ನಿಮ್ಮಲ್ಲಿ ಉಂಟಲ್ಲ. ಆಗ ನಾನು ಬಂದು ಕೇಳ್ತೇನೆ.”

ಗುರುವಾಯನಕೆರೆ ಬರುವಷ್ಟರಲ್ಲಿ ತೊಟ್ಟೆಯ ಎರಡು ಕಡ್ಡಿ ಇನ್ನೊಂದು ಚೀಲ ಸೇರಿತ್ತು. ಇಬ್ಬರೂ ಹೆಸರು ಕೇಳಿಕೊಳ್ಳಲಿಲ್ಲ. ಇಳಿಯುವ ಜಾಗ ಮಾತ್ರ ಕೇಳಿಕೊಂಡರು.

ಈ ಮೂರು ತಾಲ್ಲೂಕುಗಳ ತೋಟಗಾರಿಕೆಯ ಅರ್ಧ ಚರಿತ್ರೆ ಆ ನಾಲ್ಕು ಮಾತಿನಲ್ಲಿದೆ ಎಂದು ನನ್ನ ನಂಬಿಕೆ. ಇನ್ನರ್ಧ ಹೊರಗೆ ಸುರಿಯುತ್ತಿದ್ದ ಮಳೆಯಲ್ಲಿದೆ.

ಮಳೆಯೇ ಗಾಜಿನ ಮನೆ

ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24–25ರ ಸುಮಾರಿಗೆ, ಪತ್ತನಾಜೆ. ಯಕ್ಷಗಾನ ಮೇಳಗಳು ಅಂದು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಅಲ್ಲಿಂದ ಮುಂದಿನದು ಮಣ್ಣಿನ ಕೆಲಸದ ಕಾಲ. ಜುಲೈ ನಡುವಿಗೆ ಆಟಿ ಕಾಲಿಡುವ ಹೊತ್ತಿಗೆ ಮಣ್ಣು ಆಳದವರೆಗೆ ತಣಿದಿರುತ್ತದೆ. ಗಾಳಿಯಲ್ಲಿ ಕೈಯಾಡಿಸಿದರೂ ಒದ್ದೆ. ಜಿಲ್ಲೆಗೆ ವರ್ಷಕ್ಕೆ ಬೀಳುವ ಸುಮಾರು 4,000 ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ.

ಗಿಡದಿಂದ ಕತ್ತರಿಸಿದ ಕಡ್ಡಿಯ ಕಷ್ಟ ಒಂದೇ. ಎಲೆಯಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ, ಅದನ್ನು ತುಂಬಿಕೊಡಲು ಕೆಳಗೆ ಬೇರಿಲ್ಲ. ಬೇರು ಬರುವವರೆಗೆ ಅದು ಒಣಗದೆ ಬದುಕಿರಬೇಕು. ದೊಡ್ಡ ನರ್ಸರಿಗಳು ಇದಕ್ಕಾಗಿ ಪ್ಲಾಸ್ಟಿಕ್ ಗೂಡು ಕಟ್ಟುತ್ತವೆ, ಗಳಿಗೆಗೊಮ್ಮೆ ಹನಿಯ ಮಂಜು ಚಿಮ್ಮಿಸುವ ಯಂತ್ರ ಇಡುತ್ತವೆ. ಚಾರ್ಮಾಡಿ ಘಾಟಿಯ ಬುಡದಿಂದ ನೇತ್ರಾವತಿಯ ಪಾಣೆಮಂಗಳೂರಿನವರೆಗೆ ಆಟಿಯ ಗಾಳಿ ಆ ಕೆಲಸವನ್ನೆಲ್ಲ ತಾನೇ ಮಾಡುತ್ತದೆ. ಹಾಗಾಗಿಯೇ ಇಲ್ಲಿ ಏನೂ ತರಬೇತಿಯಿಲ್ಲದ ಮನೆಗಳಲ್ಲೂ ಕೈ ಹಿಡಿದ ಗಿಡಗಳ ಲೆಕ್ಕ ಅಷ್ಟು ದೊಡ್ಡದು.

ಚಳಿ ದೇಶಗಳ ಪಾಡು ಬೇರೆ. ಅಲ್ಲಿನ ತೋಟಪ್ರಿಯರು ಆಗಸ್ಟ್ ಕೊನೆಗೆ, ಸೆಪ್ಟೆಂಬರ್ ಮೊದಲಿಗೆ ಕತ್ತರಿ ಹಿಡಿದು ಹೊರಡುತ್ತಾರೆ. ಕೋಲಿಯಸ್, ಜಿರೇನಿಯಂ, ಫ್ಯೂಷಿಯಾದಂತಹ ಗಿಡಗಳು ವರ್ಷಾನುಗಟ್ಟಲೆ ಬದುಕುವ ಜಾತಿಯವೇ ಆದರೂ ಮೊದಲ ಹಿಮ ಬಿದ್ದ ರಾತ್ರಿ ಕರಗಿಹೋಗುತ್ತವೆ. ಅದಕ್ಕೆ ಮೊದಲೇ ನಾಲ್ಕು ಕುಡಿ ಮುರಿದು, ಬೇರು ಬರಿಸಿ, ಕಿಟಕಿಯ ಕಟ್ಟೆಯ ಮೇಲೆ ಚಳಿಗಾಲ ಕಳೆಸುತ್ತಾರೆ. ವಸಂತಕ್ಕೆ ಮತ್ತೆ ಹೊರಗೆ.

ನಮ್ಮಲ್ಲಿ ಹಿಮದ ಭಯವಿಲ್ಲ. ಆದರೆ ಗಿಡದ ಗಂಡಾಂತರ ನಮ್ಮಲ್ಲೂ ಇದೆ, ಅದೂ ವರ್ಷಕ್ಕೆ ಎರಡು. ಒಂದು, ಅಬ್ಬಲಿಗೆಯನ್ನು ಸುಡುವ ಏಪ್ರಿಲ್ ಬಿಸಿಲು. ಇನ್ನೊಂದು, ಬಸಳೆಯ ಬುಡವನ್ನು ಕೊಳೆಸುವ ಇದೇ ಮಳೆ.

ಬಸಳೆಯ ಬುಡ

ಬಸಳೆ ಚಪ್ಪರವಿಲ್ಲದ ಹಿತ್ತಿಲು ಈ ಸೀಮೆಯಲ್ಲಿ ಒಂದು ಕಾಲಕ್ಕೆ ಇರಲೇ ಇಲ್ಲ. ಹೆಸರುಕಾಳಿನ ಜೊತೆ, ಹಲಸಿನ ಬೀಜದ ಜೊತೆ, ಸಿಗಡಿಯ ಜೊತೆ, ಪುಂಡಿಯ ಜೊತೆ ಅದು ಎಲ್ಲ ಜಾತಿ ಧರ್ಮದ ಅಡುಗೆಮನೆ ಹೊಕ್ಕ ಬಳ್ಳಿ. ಹಸಿರು ದಂಟು, ಕೆಂಪು ದಂಟು ಎರಡೂ ಒಂದೇ ಜಾತಿಯವು. ಬೀಜದಿಂದಲೂ ಬರುತ್ತದೆ. ಆದರೂ ನಮ್ಮ ಹೆಂಗಸರು ಬೀಜ ಹುಡುಕಿ ಹೋಗುವುದಿಲ್ಲ. ಇಂಥವರ ಮನೆಯ ಬಸಳೆಯ ಎಲೆ ದಪ್ಪ, ದಂಟು ಬೇಗ ಬೇಯುತ್ತದೆ ಎಂದು ಗೊತ್ತಿದ್ದರೆ ಅವರಲ್ಲಿಗೇ ಹೋಗಿ ಬಳ್ಳಿಯ ತುಂಡು ತರುತ್ತಾರೆ.

ಬಲಿತ ಬಳ್ಳಿಯನ್ನು ಗೇಣುದ್ದ ಕತ್ತರಿಸಿ, ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರುತ್ತಾರೆ. ಗುಂಡಿಗೆ ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ. ಬಚ್ಚಲ ನೀರು ಹರಿದು ಬರುವ ಮೂಲೆಯಾದರೆ ಇನ್ನೂ ಒಳ್ಳೆಯದು. ಬಳ್ಳಿ ಮೊಳದುದ್ದ ಆಗುವ ಹೊತ್ತಿಗೆ ಅಡಿಕೆ ಸಲಾಕೆಯ ಚಪ್ಪರ ಸಿದ್ಧವಾಗಿರಬೇಕು.

ಇದೆಲ್ಲ ಮಳೆ ಇಳಿದ ಮೇಲಿನ ಕೆಲಸ. ಹಾಗಾದರೆ ಮಳೆಗಾಲದುದ್ದಕ್ಕೂ ಬಳ್ಳಿಯನ್ನು ಉಳಿಸಿಕೊಳ್ಳುವುದು ಹೇಗೆ? ಅಲ್ಲಿ ಇರುವುದು ನಿಜವಾದ ಜಾಣತನ. ಜೋರು ಮಳೆಗೆ ಎಲೆಯ ಮೇಲೆ ಕೆಂಪು ಅಂಚಿನ ಚುಕ್ಕೆ ಬೀಳುತ್ತದೆ, ನೀರು ನಿಂತರೆ ಬುಡ ಕೊಳೆಯುತ್ತದೆ. ಅದಕ್ಕೇ ಒಂದೆರಡು ತುಂಡನ್ನು ಹಳೆಯ ಬಾಲ್ದಿಯಲ್ಲೋ ಒಡೆದ ಮಡಕೆಯಲ್ಲೋ ನೆಟ್ಟು, ಮಾಡಿನ ನೀರು ನೇರ ಬೀಳದ ಜಾಗದಲ್ಲಿ, ಗೋಡೆಗೆ ಒತ್ತಿ ಇಡುತ್ತಾರೆ. ಅದಕ್ಕೆ ಗೊಬ್ಬರವಿಲ್ಲ, ಆರೈಕೆಯಿಲ್ಲ. ಅದು ಬೆಳೆಯುವುದೂ ಬೇಡ. ಜೀವ ಹಿಡಿದುಕೊಂಡಿದ್ದರೆ ಸಾಕು. ಮಳೆ ಬಿಟ್ಟ ಮೇಲೆ ಆ ಒಂದು ಬಡಕಲು ಬಳ್ಳಿಯಿಂದಲೇ ಚಪ್ಪರ ತುಂಬುತ್ತದೆ.

ಲಂಡನ್ನಿನ ಕಿಟಕಿ ಕಟ್ಟೆಯ ಕೋಲಿಯಸ್‌ಗೂ ವಿಟ್ಲದ ಹಿತ್ತಿಲ ಗೋಡೆಯ ಬಸಳೆಗೂ ಇರುವುದು ಒಂದೇ ತರ್ಕ. ಕೆಟ್ಟ ಕಾಲಕ್ಕೆ ತಾಯಿಗಿಡವನ್ನು ನಂಬಬೇಡ, ಅದರ ತುಂಡೊಂದನ್ನು ಬೇರೆ ಕಡೆ ಇಡು. ಇದನ್ನು ನಮ್ಮವರಿಗೆ ಯಾರೂ ಪುಸ್ತಕ ಓದಿ ಹೇಳಿಕೊಟ್ಟದ್ದಲ್ಲ.

ಪೇಟೆಯಲ್ಲಿ ಫ್ಲ್ಯಾಟಿನಲ್ಲಿರುವವರಿಗೆ ಒಂದು ಮಾತು. ಸಂತೆಯಿಂದ ತಂದ ಬಸಳೆ ಕಟ್ಟಿನಲ್ಲಿ ಎಲೆ ಬಿಡಿಸಿದ ಮೇಲೆ ಉಳಿಯುವ ದಪ್ಪ ಬುಡದ ತುಂಡುಗಳನ್ನು ಎಸೆಯಬೇಡಿ. ಬಾಡದೆ ಗೆಣ್ಣು ಹಸಿಯಾಗಿದ್ದರೆ ಅದು ನೆಡಲು ತಕ್ಕ ಗೆಲ್ಲು.

ಯಾವುದಕ್ಕೆ ಯಾವ ಕಡ್ಡಿ?
*ಎಳೆ ಕುಡಿ:* ಕೋಲಿಯಸ್, ಸಾಂಬ್ರಾಣಿ ಎಂದು ನಾವು ಕರೆಯುವ ದೊಡ್ಡಪತ್ರೆ. ನಾಲ್ಕು ಬೆರಳುದ್ದ ಸಾಕು, ವಾರದಲ್ಲೇ ಬೇರು ಕಾಣಿಸುತ್ತದೆ.
*ಅರೆ ಬಲಿತ ಕಡ್ಡಿ:* ದಾಸವಾಳ, ಅಬ್ಬಲಿಗೆ, ಮಲ್ಲಿಗೆ, ನಂದಿಬಟ್ಟಲು, ಕೇಪಳ. ಪೆನ್ಸಿಲ್ ದಪ್ಪ, ಅಥವಾ ಅದಕ್ಕಿಂತ ತುಸು ಸಪೂರ. ತಿಂಗಳಿನಿಂದ ಎರಡು ತಿಂಗಳು ತಾಳ್ಮೆ ಬೇಕು.
*ಪೂರ್ತಿ ಬಲಿತದ್ದು:* ಬೋಗನ್‌ವಿಲ್ಲಾ, ನುಗ್ಗೆ, ಬೇಲಿಯ ಗ್ಲಿರಿಸಿಡಿಯಾ.
*ಹಾಲು ಸುರಿಸುವವು:* ದೇವಸಂಪಿಗೆಯ ಗೆಲ್ಲು ಕಡಿದ ಕೂಡಲೇ ನೆಟ್ಟರೆ ಕೊಳೆಯುತ್ತದೆ. ಗಾಯ ಒಣಗಲು ಕೆಲವು ದಿನ ನೆರಳಲ್ಲಿ ಮಲಗಿಸಬೇಕು.

ಕತ್ತರಿಸಿದ ಜಾಗದಲ್ಲಿ ನಡೆಯುವುದು

ಕಡ್ಡಿಯನ್ನು ತಲೆಕೆಳಗಾಗಿ ಊರಬಾರದು ಎಂದು ಎಲ್ಲರಿಗೂ ಗೊತ್ತು. ಕಾರಣ ಏನು? ಮೊಗ್ಗಿನಲ್ಲೂ ಎಳೆಯೆಲೆಯಲ್ಲೂ ಹುಟ್ಟುವ ಆಕ್ಸಿನ್ ಎಂಬ ರಸ ಕಾಂಡದೊಳಗೆ ಮೇಲಿನಿಂದ ಕೆಳಕ್ಕೇ ಸಾಗುತ್ತದೆ. ಕತ್ತಿ ಬಿದ್ದ ಜಾಗಕ್ಕೆ ಬಂದಾಗ ಮುಂದೆ ದಾರಿಯಿಲ್ಲ. ಅಲ್ಲೇ ಮಡುಗಟ್ಟುತ್ತದೆ. ಆಗ ನೀರು, ಆಹಾರ ಸಾಗಿಸುವ ನಾಳಗಳ ಅಕ್ಕಪಕ್ಕದ ಜೀವಕೋಶಗಳು ತಮ್ಮ ಹಳೆಯ ಕಸುಬು ಬಿಟ್ಟು ಹೊಸದಾಗಿ ವಿಭಜನೆಗೊಳ್ಳಲು ಶುರು ಮಾಡುತ್ತವೆ. ಕಾಂಡವಾಗಿದ್ದ ಕೋಶ ಬೇರಾಗುತ್ತದೆ. ಹೆಚ್ಚಿನ ಪ್ರಾಣಿಗಳ ದೇಹದಲ್ಲಿ ಕಾಣಲು ಸಿಗದ ಸಾಮರ್ಥ್ಯ ಇದು. ಕತ್ತರಿಸಿದ ಬೆರಳಿನಿಂದ ಮನುಷ್ಯ ಹುಟ್ಟುವುದಿಲ್ಲ, ಗೇಣುದ್ದದ ಕಡ್ಡಿಯಿಂದ ಇಡೀ ದಾಸವಾಳ ಎದ್ದು ನಿಲ್ಲುತ್ತದೆ.

ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ ಈ ರಸವನ್ನು ತೋಕೆಗೋಧಿಯ ಮೊಳಕೆಯಲ್ಲಿ ಗುರುತಿಸಿದ್ದು 1928ರಲ್ಲಿ. 1935ರ ಹೊತ್ತಿಗೆ ಅಮೆರಿಕದ ಪ್ರಯೋಗಾಲಯದಲ್ಲಿ ಅದೇ ಕೆಲಸ ಮಾಡುವ ಇಂಡೋಲ್ ಬ್ಯುಟಿರಿಕ್ ಆಮ್ಲ ಬೇರು ಬರಿಸುತ್ತದೆ ಎಂದು ತೋರಿಸಿದರು. ಇಂದು ಬಿ.ಸಿ. ರೋಡಿನ ಗೊಬ್ಬರದಂಗಡಿಯಲ್ಲಿ ಸಿಗುವ ಬೇರಿನ ಪುಡಿಯ ಡಬ್ಬಿಯಲ್ಲಿ ಇರುವುದು ಹೆಚ್ಚಾಗಿ ಅದೇ. ಬೋಗನ್‌ವಿಲ್ಲಾ, ಮುಸ್ಸೆಂಡದಂತಹ ಹಟಮಾರಿ ಗಿಡಗಳಿಗೆ ಪುಡಿ ನೆರವಾಗುತ್ತದೆ. ದಾಸವಾಳಕ್ಕೆ, ದೊಡ್ಡಪತ್ರೆಗೆ ಅದರ ಖರ್ಚು ಬೇಕಿಲ್ಲ.

ಈ ವಿಚಾರ ತಿಳಿದ ಮೇಲೆ ಅಜ್ಜಿಯಂದಿರ ನಿಯಮಗಳು ಒಂದೊಂದಾಗಿ ಅರ್ಥವಾಗುತ್ತವೆ. ಗೆಣ್ಣಿನ ಸ್ವಲ್ಪ ಕೆಳಗೇ ಕತ್ತರಿಸು ಎನ್ನುತ್ತಾರೆ, ಅಲ್ಲಿ ಬೇರೊಡೆಯುವ ಕೋಶಗಳು ಹೆಚ್ಚು. ಬುಡಕ್ಕೆ ಓರೆ, ತಲೆಗೆ ನೇರ ಕತ್ತರಿಸು ಎನ್ನುತ್ತಾರೆ, ಯಾವ ಕಡೆ ಮೇಲೆಂದು ಮಕ್ಕಳಿಗೂ ತಪ್ಪುವುದಿಲ್ಲ. ಹೂ, ಮೊಗ್ಗು ಚಿವುಟು, ದೊಡ್ಡ ಎಲೆ ಅರ್ಧಕ್ಕೆ ಕತ್ತರಿಸು ಎನ್ನುತ್ತಾರೆ. ಹೂವಿಗೆ ಹೋಗುವ ಶಕ್ತಿ ಬೇರಿಗೆ ಸಿಗಲಿ, ಎಲೆಯಿಂದ ಆವಿಯಾಗುವ ನೀರು ಕಡಿಮೆಯಾಗಲಿ ಎಂದು. ಎಲೆಯನ್ನು ಪೂರ್ತಿ ಬೋಳಿಸಿದರೆ ಎಳೆ ಕಡ್ಡಿಗೆ ಆಹಾರವೂ ಇಲ್ಲ, ಆಕ್ಸಿನ್ನೂ ಇಲ್ಲ. ಬಲಿತ ದಾಸವಾಳದ ಕಡ್ಡಿಗೆ ಒಳಗೆ ಕೂಡಿಟ್ಟ ಆಹಾರವಿರುವುದರಿಂದ ಅದು ಎಲೆಯಿಲ್ಲದೆಯೂ ನಿಭಾಯಿಸುತ್ತದೆ.

ನೆಡುವ ಮಣ್ಣಿನ ವಿಷಯದಲ್ಲಿ ಮಾತ್ರ ಪ್ರೀತಿ ಹೆಚ್ಚಾಗಬಾರದು. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಆಟಿಯಲ್ಲಿ ಅಂಟಾಗಿ ಗಾಳಿ ಬಿಡುವುದಿಲ್ಲ. ಅರ್ಧಕ್ಕರ್ಧ ಹೊಯ್ಗೆ ಬೆರೆಸಿ. ತೆಂಗಿನ ನಾರಿನ ಹುಡಿ ಸಿಕ್ಕಿದರೆ ಒಳ್ಳೆಯದು. ಹಸಿ ಸೆಗಣಿ, ರಾಸಾಯನಿಕ ಗೊಬ್ಬರ ಎರಡೂ ಬೇಡ, ಬೇರಿಲ್ಲದ ಕಡ್ಡಿಗೆ ಉಣ್ಣುವ ಬಾಯಿ ಇನ್ನೂ ಬಂದಿಲ್ಲ. ಸಿಕ್ಕುವುದು ಕೊಳೆಸುವ ಶಿಲೀಂಧ್ರಕ್ಕೆ ಮಾತ್ರ. ತೊಟ್ಟೆಗೆ, ಗೆರಟೆಗೆ ತಳದಲ್ಲಿ ತೂತು ಇರಲೇಬೇಕು. ಮಳೆಯ ನೇರ ಹೊಡೆತ ಬೀಳದ, ಆದರೆ ಬೆಳಕು ಬರುವ ಜಗಲಿಯ ಅಂಚು ಎಲ್ಲಕ್ಕಿಂತ ಒಳ್ಳೆಯ ಜಾಗ.

ಇನ್ನೊಂದು ಎಚ್ಚರಿಕೆ. ಕಡ್ಡಿಯಲ್ಲಿ ಎರಡು ಹೊಸ ಎಲೆ ಬಂತೆಂದರೆ ಬೇರು ಬಂತೆಂದು ಅರ್ಥವಲ್ಲ. ಕಾಂಡದಲ್ಲಿ ಉಳಿದ ಆಹಾರದಿಂದಲೂ ಚಿಗುರು ಒಡೆಯುತ್ತದೆ. ಆ ಸಂಭ್ರಮದಲ್ಲಿ ಕಿತ್ತು ನೋಡಿದ ಕಡ್ಡಿಗಳೇ ಹೆಚ್ಚು ಸಾಯುವುದು. ಮೂರ್ನಾಲ್ಕು ವಾರದ ಬಳಿಕ ಎರಡು ಬೆರಳಿನಿಂದ ಮೆತ್ತಗೆ ಮೇಲೆಳೆದಾಗ ಮಣ್ಣು ಬಿಡದೆ ಹಿಡಿದುಕೊಂಡರೆ ಅದು ಬೇರು.

ಬೀಜ ಕಟ್ಟದ ಹೂಗಳು

ಬಸ್ಸಿನಲ್ಲಿ ಕೈ ಬದಲಿಸಿದ ಬಿಳಿ ಮುದ್ದೆ ದಾಸವಾಳಕ್ಕೆ ಮತ್ತೆ ಬರೋಣ. ನಮ್ಮ ಅಂಗಳದ ದಾಸವಾಳಗಳು ಬೀಜ ಕಟ್ಟುವುದು ಅಪರೂಪ. ಮುದ್ದೆ ಹೂಗಳಲ್ಲಂತೂ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಎಸಳು ಹೆಚ್ಚಿದಷ್ಟೂ ಪರಾಗ ಕಡಿಮೆ. ಸುತ್ತು ಎಸಳಿನ ನಂದಿಬಟ್ಟಲಿನ ಕಥೆಯೂ ಇದೇ, ಗುಂಡುಮಲ್ಲಿಗೆಯದೂ ಹೆಚ್ಚುಕಡಿಮೆ ಇದೇ.

ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಈ ದಾಸವಾಳದ ಚಿತ್ರವಿದೆ. ಅಂದರೆ ಮೂರು ಶತಮಾನಗಳ ಹಿಂದೆಯೇ ಅದು ಈ ಕರಾವಳಿಯ ಮನೆಗಳ ಹೂ. ಬೀಜವಿಲ್ಲದ ಗಿಡ ಅಷ್ಟು ಕಾಲ ಬದುಕಿ ಬಂದದ್ದು ಹೇಗೆಂದು ಒಂದು ಕ್ಷಣ ಯೋಚಿಸಿ. ಪ್ರತಿ ಬಾರಿಯೂ ಯಾರೋ ಒಬ್ಬರು ಒಂದು ಗೆಲ್ಲು ಮುರಿದಿದ್ದಾರೆ, ಇನ್ನೊಬ್ಬರು ಅದನ್ನು ಊರಿದ್ದಾರೆ. ಆ ಕೊಂಡಿ ಎಲ್ಲಿಯೂ ಕಡಿದಿಲ್ಲ.

ಕಡ್ಡಿಯಿಂದ ಬಂದದ್ದು ತಾಯಿಗಿಡದ ಮಗುವೂ ಅಲ್ಲ, ಅದೇ ಗಿಡ. ಅಜ್ಜಿಯ ಅಮ್ಮ ತುಳಸಿಕಟ್ಟೆಯ ಬಳಿ ಕೊಯ್ದ ಹೂವಿನ ಗಿಡದ ಮುಂದುವರಿಕೆಯೇ ಇವತ್ತು ನಿಮ್ಮ ಪಾಗಾರದ ಬದಿಯಲ್ಲಿ ನಿಂತಿರಬಹುದು. ಮನೆ ಪಾಲಾದಾಗ ಬಂಗಾರ, ಪಾತ್ರೆ, ಜಾಗ ಎಲ್ಲವೂ ತುಂಡಾಗುತ್ತವೆ, ತುಂಡಾದಷ್ಟೂ ಕಡಿಮೆಯಾಗುತ್ತವೆ. ಗೆಲ್ಲು ಮಾತ್ರ ತುಂಡಾದಷ್ಟೂ ಹೆಚ್ಚುತ್ತದೆ.

ಈ ಹಂಚಿಕೆಗೆ ಆಟಿಯ ಸಂಪ್ರದಾಯವೂ ಅನುಕೂಲ ಮಾಡಿಕೊಟ್ಟಿತ್ತು. ಹೊಸದಾಗಿ ಮದುವೆಯಾದವಳು ಆಟಿ ಕೂರಲು ತವರಿಗೆ ಬರುತ್ತಾಳೆ. ಗಂಡನ ಮನೆಗೆ ಹಿಂದಿರುಗುವುದು ಸೋಣ ತಿಂಗಳ ಹೊತ್ತಿಗೆ. ಬರುವಾಗಲೂ ಹೋಗುವಾಗಲೂ ಗೆಲ್ಲು ಬೇರು ಹಿಡಿಯುವ ಹವೆ. ತವರಿನ ಅಬ್ಬಲಿಗೆ ಗಂಡನ ಮನೆಗೆ, ಅಲ್ಲಿನ ಗೋರಟೆ ತವರಿಗೆ ದಾಟಲು ಇದಕ್ಕಿಂತ ಒಳ್ಳೆಯ ವೇಳೆ ಇನ್ನೊಂದಿಲ್ಲ.

ಸೋಣದಲ್ಲಿ ಹೂವಿಗೆ ಬೇಡಿಕೆಯೂ ಹೆಚ್ಚು. ಮನೆಮನೆಯಲ್ಲಿ ಹೊಸ್ತಿಲ ಪೂಜೆ. ಬಂಟ್ವಾಳ ಪೇಟೆಯ ಕೊಂಕಣಿ ಮನೆಗಳಲ್ಲಿ ಶ್ರಾವಣದ ಶುಕ್ರವಾರ, ಭಾನುವಾರಗಳಂದು ಚೂಡಿ. ಗರಿಕೆಯ ಜೊತೆ ಬಗೆಬಗೆಯ ಹೂಗಳನ್ನು ಒಂದೊಂದೇ ಸೇರಿಸಿ ಬಾಳೆನಾರಿನಲ್ಲಿ ಕಟ್ಟುವ ಆ ಪುಟ್ಟ ಕಟ್ಟಿಗೆ ಒಂದೇ ಬಗೆಯ ಹೂ ರಾಶಿ ಇದ್ದರೆ ಸಾಲದು, ಹಲವು ಬಗೆ ಬೇಕು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಕ್ರೈಸ್ತ ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದು ಚರ್ಚಿಗೆ ನಡೆಯುತ್ತಾರೆ. ಅದಕ್ಕೂ ಹಿತ್ತಿಲ ಹೂವೇ. ಅಂಗಳದಲ್ಲಿ ಹತ್ತು ಬಗೆ ಇರಲೇಬೇಕೆಂಬ ಹಟವನ್ನು ಈ ಹಬ್ಬಗಳೇ ಬೆಳೆಸಿದ್ದು ಎಂದು ನನಗನಿಸುತ್ತದೆ.

ಬೀಜವಿಲ್ಲದ ‘ಡೆಲ್ಲಿ’
ಹಳೆಯ ಅಬ್ಬಲಿಗೆಯ ಒಣಕಾಯಿ ನೀರು ಸೋಕಿದೊಡನೆ ಸಿಡಿದು ಬೀಜ ಎರಚುತ್ತದೆ. ಮೊದಲ ಮಳೆಗೆ ತಾನೇ ಬಿತ್ತಿಕೊಳ್ಳುವ ಗಿಡ. ಹೂವಿನ ಬೆಳೆಗಾರರ ಮೆಚ್ಚಿನ ‘ಡೆಲ್ಲಿ’ ಅಬ್ಬಲಿಗೆಗೆ ಆ ಭಾಗ್ಯವಿಲ್ಲ. ಅದರ ಕೋಶಗಳಲ್ಲಿ ವರ್ಣತಂತುಗಳು ಎರಡು ಪಟ್ಟಿನ ಬದಲು ಮೂರು ಪಟ್ಟು ಇರುವುದರಿಂದ ಬೀಜ ಕಟ್ಟುವುದಿಲ್ಲ. ದೇಶದಲ್ಲಿರುವ ಅಷ್ಟೂ ‘ಡೆಲ್ಲಿ’ ಗಿಡಗಳು ಕಡ್ಡಿಯಿಂದ ಕಡ್ಡಿಗೆ ಬಂದವು.

ಅಟ್ಟೆ, ಚೆಂಡು
ಶಂಕರಪುರದ ಹೆಸರು ಹೊತ್ತ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆ ಈ ತಾಲ್ಲೂಕುಗಳ ಹಿತ್ತಿಲುಗಳಿಗೂ ಬಂದದ್ದು ಕಡ್ಡಿಯಿಂದಲೇ. ಗಿಡ ಸವರಿದಾಗ ಸಿಗುವ ಗೆಲ್ಲುಗಳೇ ಹೊಸ ಗಿಡಗಳು. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ.

ಅಡಿಕೆ ಮರಕ್ಕೆ ಹಬ್ಬಿದ ದುಡ್ಡು

ಹೂವಿನ ಮಾತು ಬಿಟ್ಟರೆ, ಈ ಸೀಮೆಯ ಕೃಷಿಕ ಗಂಭೀರವಾಗಿ ಕಡ್ಡಿ ಆರಿಸುವುದು ಕಾಳುಮೆಣಸಿಗೆ. ಅಡಿಕೆಗೆ ಕಡ್ಡಿಯ ಹಾದಿಯಿಲ್ಲ. ತಾಳೆಯ ಬಳಗದ ಮರಕ್ಕೆ ಇರುವುದು ಒಂದೇ ಕುಡಿ, ಅದನ್ನು ಕಡಿದರೆ ಮರವೇ ಹೋಯಿತು. ಆದ್ದರಿಂದಲೇ ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಶುರುವಾದ ಅಡಿಕೆ ಸಂಶೋಧನಾ ಕೇಂದ್ರ, ಈಗಿನ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರ, ಒಳ್ಳೆಯ ತಾಯಿಮರ ಗುರುತಿಸಿ ಬೀಜದಡಿಕೆ ಆರಿಸುವುದಕ್ಕೆ ಅಷ್ಟು ವರ್ಷ ಶ್ರಮಿಸಬೇಕಾಯಿತು. ಆ ಅಡಿಕೆ ಮರವನ್ನೇ ಹಿಡಿದು ಹತ್ತುವ ಮೆಣಸಿನ ಬಳ್ಳಿ ಮಾತ್ರ ಗೆಣ್ಣುಗೆಣ್ಣಿಗೂ ಬೇರು ಬಿಡಲು ಸಿದ್ಧ.

ಆದರೆ ಬಳ್ಳಿಯ ಯಾವ ಭಾಗ ಕತ್ತರಿಸಿದಿರಿ ಎಂಬುದರ ಮೇಲೆ ಗಿಡದ ಇಡೀ ಜಾತಕ ನಿಂತಿದೆ. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಹಂಬು ಬಳ್ಳಿಯ ತುಂಡು ನೆಟ್ಟರೆ ಅದು ಮರ ಹತ್ತುತ್ತದೆ. ಕರೆ ಬಿಡುವ ಅಡ್ಡಗೆಲ್ಲನ್ನು ನೆಟ್ಟರೆ ಅದು ಹತ್ತುವುದೇ ಇಲ್ಲ, ನೆಲಮಟ್ಟದಲ್ಲಿ ಪೊದೆಯಾಗಿ ಕುಂಡದಲ್ಲೇ ಮೆಣಸು ಬಿಡುತ್ತದೆ. ಪೇಟೆ ಮನೆಗಳ ತಾರಸಿಯಲ್ಲಿ ಕಾಣುವ ಬುಷ್ ಪೆಪ್ಪರ್ ಇದೇ. ಒಂದೇ ಬಳ್ಳಿಯ ಎರಡು ತುಂಡು, ಎರಡು ಸ್ವಭಾವ.

ತಿಳಿದವರು ಕೆಲಸ ಶುರು ಮಾಡುವುದು ಮಳೆಗಾಲದಲ್ಲಲ್ಲ, ಅದರ ಹಿಂದಿನ ಅಕ್ಟೋಬರ್, ನವೆಂಬರಿನಲ್ಲಿ. ಕರೆ ತುಂಬ ಕಾಳು ಕಚ್ಚಿದ, ರೋಗವಿಲ್ಲದ ಬಳ್ಳಿಗೆ ಗುರುತು ಹಾಕುತ್ತಾರೆ. ಅದರ ಹಂಬುಗಳು ನೆಲಕ್ಕೆ ತಾಗಿ ಬೇರು ಬಿಡದಂತೆ ಸುರುಳಿ ಸುತ್ತಿ ಕೋಲಿಗೆ ಕಟ್ಟುತ್ತಾರೆ. ಫೆಬ್ರುವರಿ, ಮಾರ್ಚಿನಲ್ಲಿ ತೀರಾ ಎಳೆಯ ತುದಿ, ತೀರಾ ಬಲಿತ ಬುಡ ಎರಡನ್ನೂ ಬಿಟ್ಟು ನಡುವಿನ ಭಾಗವನ್ನು ಎರಡು ಮೂರು ಗೆಣ್ಣಿನ ತುಂಡು ಮಾಡುತ್ತಾರೆ. ಎಲೆ ಕತ್ತರಿಸಿ ತೊಟ್ಟು ಉಳಿಸುತ್ತಾರೆ. ನೆರಳಿನ ತೊಟ್ಟೆಯಲ್ಲಿ ಬೇರಾದ ಗಿಡ ಮುಂಗಾರು ಹಿಡಿದಾಗ ಅಡಿಕೆ ಮರದ ಉತ್ತರ ಬದಿಗೆ, ಬುಡದಿಂದ ಅಡಿಯಷ್ಟು ದೂರಕ್ಕೆ ಇಳಿಯುತ್ತದೆ.

ಕೇರಳದ ಪಣ್ಣಿಯೂರಿನ ಸಂಶೋಧನಾ ಕೇಂದ್ರ ಎರಡು ನಾಡತಳಿಗಳನ್ನು ಅಡ್ಡಹಾಯಿಸಿ ಹೊರತಂದ ಪಣ್ಣಿಯೂರು-1 ಗಡಿ ದಾಟಿ ನಮ್ಮ ತೋಟ ಸೇರಿದ್ದು, ಇವತ್ತಿಗೂ ಅದೇ ಗುಣ ಉಳಿಸಿಕೊಂಡದ್ದು ಹೀಗೆಯೇ. ಅದರ ಕಾಳನ್ನು ಬಿತ್ತಿದ್ದರೆ ಪ್ರತಿ ಸಸಿಯೂ ಬೇರೆ ಬೇರೆ ಗುಣದ್ದಾಗುತ್ತಿತ್ತು. ಅಡಿಕೆಯನ್ನು ಎಲೆಚುಕ್ಕಿ ರೋಗ ಕಾಡುತ್ತಿರುವ ಈ ವರ್ಷಗಳಲ್ಲಿ ಬೆಳ್ತಂಗಡಿಯ ತೋಟಗಳಿಗೆ ಈ ಉಪಬೆಳೆಯ ಆಸರೆ ಎಷ್ಟು ದೊಡ್ಡದೆಂದು ಬೆಳೆಗಾರರನ್ನೇ ಕೇಳಬೇಕು.

ಇಲ್ಲೇ ಎಚ್ಚರವೂ ಬೇಕು. ಗೆಲ್ಲು ಒಳ್ಳೆಯ ಗುಣವನ್ನು ತರುವಷ್ಟೇ ಪ್ರಾಮಾಣಿಕವಾಗಿ ರೋಗವನ್ನೂ ತರುತ್ತದೆ. ಸೊರಗು ರೋಗ ಬಂದ ತೋಟದ ಮಣ್ಣು ಮೆತ್ತಿದ ಗಿಡ, ಎಲೆ ಸಣ್ಣದಾಗಿ ಮುರುಟುವ ಕುಬ್ಜ ರೋಗದ ಬಳ್ಳಿ, ಇವನ್ನು ಸ್ನೇಹಕ್ಕೆಂದು ತೆಗೆದುಕೊಳ್ಳಬಾರದು, ಕೊಡಲೂಬಾರದು. ದಾಸವಾಳದ ಕುಡಿಯಲ್ಲಿ ಬಿಳಿ ಹಿಟ್ಟಿನಂಥದ್ದು ಕಂಡರೆ ಅದು ಹಿಟ್ಟುತಿಗಣೆ. ಆ ಕಡ್ಡಿಯನ್ನು ಅಲ್ಲೇ ಬಿಟ್ಟುಬಿಡಿ. ಕತ್ತಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಒರೆಸಿ.

ಹಾಗೆಯೇ, ಚಂದವಿರುವುದೆಲ್ಲ ಹಂಚತಕ್ಕದ್ದಲ್ಲ. ಲಂಟಾನ ನಮ್ಮ ದೇಶಕ್ಕೆ 19ನೇ ಶತಮಾನದ ಆರಂಭದಲ್ಲಿ ಬಂದದ್ದು ಅಲಂಕಾರದ ಗಿಡವಾಗಿ. ಇವತ್ತು ಅದು ಕಾಡನ್ನು ಎಷ್ಟು ತಿಂದಿದೆ ಎಂದು ಚಾರ್ಮಾಡಿ ಹತ್ತುವವರಿಗೆ ಹೇಳಬೇಕಿಲ್ಲ. ಹಳದಿ ಹೂವಿನ ವೆಡೇಲಿಯಾ ಬಳ್ಳಿ ಈಗ ತೋಡಿನ ಬದಿಗಳಲ್ಲಿ ಅದೇ ದಾರಿ ಹಿಡಿದಿದೆ. ಸವರಿದ ಗೆಲ್ಲನ್ನು ತೋಡಿಗೆ ಎಸೆದರೂ ಅದು ಬೇರು ಬಿಡುತ್ತದೆ.

ಕಾನೂನು ಏನೆನ್ನುತ್ತದೆ?
2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ರೈತ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ಕಾಯುತ್ತದೆ. ಸಂರಕ್ಷಿತ ತಳಿಯಾದರೆ ಅದರ ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ. ಕಾಯ್ದೆಯ ಅರ್ಥದಲ್ಲಿ ‘ಬೀಜ’ವೆಂದರೆ ಕಾಳಷ್ಟೇ ಅಲ್ಲ, ಹೊಸ ಗಿಡವಾಗಿ ಬೆಳೆಯಬಲ್ಲ ಸಸ್ಯಭಾಗವೂ ಸೇರುತ್ತದೆ.

ರಸ್ತೆ ಬದಿಯ ಪಾಗಾರಗಳು

ಮೂರೂ ತಾಲ್ಲೂಕುಗಳ ನಡುವೆ ಹಾದುಹೋಗುವ ಹೆದ್ದಾರಿಗಳು ಅಗಲಗೊಳ್ಳುತ್ತಿವೆ. ಬಂಟ್ವಾಳದಲ್ಲಿ ಬಿ.ಸಿ. ರೋಡು–ಅಡ್ಡಹೊಳೆ, ಬೆಳ್ತಂಗಡಿಯಲ್ಲಿ ಪುಂಜಾಲಕಟ್ಟೆ–ಚಾರ್ಮಾಡಿ, ಮೂಡುಬಿದಿರೆಯಲ್ಲಿ ಕುಲಶೇಖರ–ಸಾಣೂರು. ರಸ್ತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮರ ಹೋದದ್ದನ್ನು ಎಲ್ಲರೂ ಲೆಕ್ಕ ಹಾಕಿದರು. ಪಾಗಾರಕ್ಕೆ ಒರಗಿ ನಿಂತಿದ್ದ ದಾಸವಾಳದ, ಗೋರಟೆಯ, ಕೇಪಳದ ಬೇಲಿಗಳು ಯಾರ ಪಟ್ಟಿಯಲ್ಲೂ ಇರಲಿಲ್ಲ.

ಹೆಂಚಿನ ಮನೆ ಕೆಡವಿ ತಾರಸಿ ಮನೆ ಏಳುವಾಗಲೂ ಅಷ್ಟೇ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಗೇಟಿನ ಬದಿಗೆ ಹೊರಗಿನ ನರ್ಸರಿಯಿಂದ ಬಂದ ಒಂದೇ ಬಗೆಯ ಕುಂಡಗಳ ಸಾಲು ಇಡುತ್ತಾರೆ. ಆ ಕುಂಡಗಳ ಎಷ್ಟೋ ಗಿಡಗಳು ಒಣ ಹವೆಯಲ್ಲಿ ಬೆಳೆದವು. ಜಿರೇನಿಯಂ, ಪೆಟೂನಿಯಾಗಳು ನಮ್ಮ ಮೊದಲ ಆಟಿಯನ್ನೇ ದಾಟುವುದಿಲ್ಲ. ನರ್ಸರಿಗಳ ಮೇಲೆ ನನಗೆ ತಕರಾರಿಲ್ಲ. ಹೊಸದನ್ನು ತಂದು ಒಗ್ಗಿಸುವ ಕೆಲಸ ಮೂಡುಬಿದಿರೆಯ ಸೋನ್ಸ್ ಫಾರ್ಮಿನಂತಹ ತೋಟಗಳಲ್ಲಿ ಶ್ರದ್ಧೆಯಿಂದ ನಡೆದಿದೆ. ಆದರೆ ನೂರು ಮಳೆಗಾಲ ಕಂಡು ಬದುಕಿದ ಕೆಂಪು ಒಂಟಿ ಎಸಳಿನ ದಾಸವಾಳವನ್ನು ನರ್ಸರಿಗಳು ಬೆಳೆಸಿ ಮಾರುವುದು ಅಪರೂಪ. ಅದಕ್ಕೆ ಬೆಲೆ ಕಟ್ಟುವವರಿಲ್ಲ. ಅದು ಇರುವುದು ಹೆಚ್ಚಾಗಿ ಅಂಗಳಗಳಲ್ಲೇ. ಅಂಗಳದಿಂದ ಹೋದರೆ ಬೀಜವೂ ಇಲ್ಲದೆ ಪೂರ್ತಿ ಹೋಗುತ್ತದೆ.

ಒಂದು ಮನೆಯಲ್ಲಿ ಮಾತ್ರ ಉಳಿದ ಗಿಡ ಒಂದು ಗೆದ್ದಲಿಗೆ, ಒಂದು ಏಪ್ರಿಲ್‌ಗೆ, ಒಂದು ಜೆಸಿಬಿಗೆ ಮುಗಿಯಬಹುದು. ಐದು ಮನೆಯಲ್ಲಿರುವುದು ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಮಾತ್ರ ಇರುವ ಹೂವೆಂದು ಹೆಮ್ಮೆಪಡುವುದಿದ್ದರೆ ಮೊದಲು ಅದನ್ನು ಮೂರು ಮನೆಗೆ ಕೊಟ್ಟುಬಿಡಿ. ಊರಿನ ಮಹಿಳಾ ಸಂಘಗಳ ವಾರದ ಸಭೆಗಿಂತ, ಶಾಲೆಯ ಆಟಿದ ಕೂಟಕ್ಕಿಂತ ಒಳ್ಳೆಯ ಜಾಗ ಇದಕ್ಕೆ ಬೇಕಿಲ್ಲ. ಪತ್ರೊಡೆಯ ಪಕ್ಕದಲ್ಲಿ ಒಂದು ಮೇಜು, ಮೇಜಿನ ಮೇಲೆ ಹೆಸರು ಬರೆದ ಕಡ್ಡಿಯ ಕಟ್ಟುಗಳು. ಯಾವ ಮನೆಯದು, ಹೂವಿನ ಬಣ್ಣ ಏನು ಎಂದು ಎರಡು ಸಾಲು ಚೀಟಿ ಇದ್ದರೆ ಸಾಕು.

ನಿಮ್ಮ ಮನೆಯೋ ಬಂಧುಗಳ ಮನೆಯೋ ಬರುವ ಬೇಸಗೆಯಲ್ಲಿ ಕೆಡವಲಿದ್ದರೆ ಲೆಕ್ಕ ಈಗಲೇ ಹಾಕಬೇಕು. ಮನೆ ಬೀಳುವುದು ಸಾಮಾನ್ಯವಾಗಿ ಜನವರಿಯ ನಂತರ. ಆಗ ತೆಗೆದ ಎಳೆ ಕಡ್ಡಿ ಒಣಗಾಳಿಗೆ ಎರಡು ದಿನ ತಡೆಯುವುದಿಲ್ಲ. ಅನಿವಾರ್ಯವಾದರೆ ಬಲಿತ ಗೆಲ್ಲುಗಳನ್ನಷ್ಟೇ ಗೇಣುದ್ದ ಕತ್ತರಿಸಿ, ಅಡಿಕೆ ತೋಟದ ನೆರಳಲ್ಲಿ ಒದ್ದೆ ಹೊಯ್ಗೆಗೆ ಮುಕ್ಕಾಲು ಭಾಗ ಹೂತು, ಮೇಲೆ ಒದ್ದೆ ಗೋಣಿ ಮುಚ್ಚಿ, ಮಳೆಯವರೆಗೆ ದಿನಾ ನೀರು ಚಿಮುಕಿಸಬೇಕು. ಅದರಲ್ಲೂ ಅರ್ಧ ಸಾಯಬಹುದು. ಇವತ್ತು ಭಾನುವಾರ, ಹೊರಗೆ ಮೋಡ ಮುಚ್ಚಿದೆ. ಅದೇ ಗೆಲ್ಲುಗಳನ್ನು ಈ ವಾರ ತಂದು ತೊಟ್ಟೆಗೆ ಊರಿದರೆ ಸೋಣದ ಎಳೆಬಿಸಿಲಿಗೆ ಹೊರಗಿಡುವಷ್ಟು ಬೇರು ಬಂದಿರುತ್ತದೆ, ಮನೆ ಕೆಡವುವ ಹೊತ್ತಿಗೆ ಹೊಸ ಜಾಗದಲ್ಲಿ ಮೊದಲ ಮೊಗ್ಗು.